ಫ್ಲೆಕ್ಸಿಗೇರಿದ ಮುಖ

ಮಧುಗಿರಿಯ ದಾಕ್ಷಾಯಣಮ್ಮ ನೌಕರಿ ಮಾಡಿದಷ್ಟು ಕಾಲವೂ ನೆರಳಿನಲ್ಲಿ ನಿಂತವರಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಉಳಿದವರು ಫ್ಯಾನಿನ ಕೆಳಗೆ ಪಾಠ ಮಾಡುವಾಗ ಇವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಮೈದಾನದ ನಟ್ಟನಡುವೆ ಇರುತ್ತಿದ್ದರು. ಮೊದಲು ಕೆಲಸಕ್ಕೆ ಹಾಕಿದ್ದು ಪಾವಗಡದ ಕಡೆಗೆ. ಅಲ್ಲಿನ ಬಿಸಿಲಿಗೆ ಈಗ ಸೋಲಾರ್ ಹಲಗೆ ಹಾಸಿ ಕರೆಂಟು ತೆಗೆಯುತ್ತಾರೆ; ಆಗ ಅದು ಸುರಿದದ್ದೆಲ್ಲ ಇವರ ಮುಖದ ಮೇಲೆ. ಗಡಿಯ ಮಕ್ಕಳು ಅರ್ಧಕ್ಕರ್ಧ ತೆಲುಗು ಮಾತಾಡುವವು, ಬಿಸಿಲಿಗೆ ‘ಎಂಡ’ ಅನ್ನುವವು. ಸದಾ ಬಿಸಿಲಲ್ಲೇ ನಿಲ್ಲುವ ಟೀಚರಿಗೆ ‘ಎಂಡ ಮಿಸ್ಸು’ ಎಂದು ಹೆಸರಿಟ್ಟವು. ಮುಂದೆ ಶಿರಾಕ್ಕೆ ವರ್ಗವಾದಾಗ ಆ ಹೆಸರೂ ಬೆನ್ನು ಹತ್ತಿ ಬಂತು. ಹಕಾರ ನುಂಗಿ ಮಾತಾಡುವ ಶಿರಾದವರ ಬಾಯಲ್ಲಿ ಹೆಂಡವೂ ಎಂಡವೇ ಆದ್ದರಿಂದ, ವಿಭೂತಿ ಹಚ್ಚುವ ಮನೆಯ ಹೆಣ್ಣುಮಗಳಿಗೆ ಇದೆಂಥ ಹೆಸರು ಎಂದು ಅಲ್ಲಿನ ಹೆಡ್ಮಾಸ್ಟರು ಗಾಬರಿಯಾಗಿದ್ದರು. ದಾಕ್ಷಾಯಣಮ್ಮ ನಕ್ಕುಬಿಟ್ಟಿದ್ದರು. ಶಿರಾದಿಂದ ಕೊರಟಗೆರೆ, ಅಲ್ಲಿಂದ ಸ್ವಂತ ಊರು ಮಧುಗಿರಿ. ಮೈದಾನ ಬದಲಾಗುತ್ತಿತ್ತು, ಬಿಸಿಲು ಅದೇ.

ನಲವತ್ತು ದಾಟಿದ ಮೇಲೆ ಎರಡೂ ಕೆನ್ನೆಯ ಮೂಳೆಯ ಮೇಲೆ ಬಂಗು ಕಾಣಿಸಿಕೊಂಡಿತು. ಮೊದಲು ಟೀ ಚೆಲ್ಲಿದ ಕಲೆಯಂತೆ ತೆಳ್ಳಗೆ; ವರ್ಷ ಕಳೆದಂತೆ ದಟ್ಟವಾಗಿ ಮೂಗಿನ ಮೇಲಕ್ಕೂ ಹಬ್ಬಿತು. ಗಂಡ ಮಲ್ಲಿಕಾರ್ಜುನಯ್ಯ ಸರ್ವೆ ಇಲಾಖೆಯಲ್ಲಿದ್ದವರು. ನಿನ್ನ ಮುಖದಲ್ಲಿ ನಾಲ್ಕು ತಾಲ್ಲೂಕಿನ ನಕ್ಷೆ ಇದೆ ಎಂದು ಒಮ್ಮೆ ತಮಾಷೆ ಮಾಡಿದ್ದರು. ಆಗ ದಾಕ್ಷಾಯಣಮ್ಮನಿಗೆ ಏನೂ ಅನ್ನಿಸಿರಲಿಲ್ಲ. ಮುಖ ನೋಡಿಕೊಳ್ಳುವ ಪುರುಸೊತ್ತೇ ಇರದ ಬದುಕು ಅದು.

ಪುರುಸೊತ್ತು ಸಿಕ್ಕಿದ್ದು ನಿವೃತ್ತಿಯಾದ ಮೇಲೆ, ಕೈಗೆ ಫೋನು ಬಂದ ಮೇಲೆ. ಶಿರಾದ ಹಳೇ ವಿದ್ಯಾರ್ಥಿನಿಯರು ಸೇರಿ ಗುರುವಂದನೆ ಇಟ್ಟುಕೊಂಡಿದ್ದೇವೆ, ತಾವು ಬರಲೇಬೇಕು ಎಂದು ಕರೆದು, ಅವರನ್ನೂ ತಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡರು. ಒಂದು ದಿನ ಆ ಗುಂಪಿನಲ್ಲಿ ಯಾರೋ ಒಂದು ಫೋಟೋ ಹಾಕಿದರು. ಸಂತೆಯಲ್ಲಿ ಹುಣಸೆಹಣ್ಣು ಆರಿಸುತ್ತಿರುವ ಮುದುಕಿ. ಕೆಳಗೆ ಒಬ್ಬಳು, ಇವರು ನಮ್ಮ ಎಂಡ ಮಿಸ್ಸೇ, ನಂಬಕ್ಕೇ ಆಗ್ತಿಲ್ಲ ಎಂದು ಬರೆದು ಪಕ್ಕದಲ್ಲಿ ಅಳುವ ಮುಖದ ಚಿತ್ರ ಅಂಟಿಸಿದ್ದಳು. ದಾಕ್ಷಾಯಣಮ್ಮ ಆ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿದರು. ಕಣ್ಣಿನ ಕೆಳಗೆ ಜೋತುಬಿದ್ದ ಚೀಲ, ಬಾಯಿಯ ಎರಡೂ ಕಡೆ ಗೀರು, ಕೆನ್ನೆಯ ಮೇಲೆ ಬೂಸ್ಟು ಹಿಡಿದ ಗೋಡೆಯಂಥ ಕಪ್ಪು. ಹಿಗ್ಗಿಸಿದಷ್ಟೂ ಹೇಸಿಗೆಯಾಯಿತು. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಆದರೆ ಮತ್ತೆ ಆ ಗುಂಪನ್ನು ತೆರೆದು ನೋಡಲಿಲ್ಲ, ಮಾರನೆಯ ದಿನದಿಂದ ತಲೆ ಬಾಚುವಾಗ ಕನ್ನಡಿಗೆ ಬೆನ್ನು ಹಾಕಿ ನಿಲ್ಲತೊಡಗಿದರು.

ಅವರ ತಂಗಿ ಸರೋಜಮ್ಮನ ಮಗಳು ಲೋಹಿತಾ ಅದೇ ಹೊತ್ತಿಗೆ ಮಧುಗಿರಿಯ ಬಸ್‌ಸ್ಟ್ಯಾಂಡಿನ ಹತ್ತಿರ ‘ನವಕಾಂತಿ’ ಎಂಬ ಚರ್ಮದ ಸೆಂಟರು ತೆರೆದಿದ್ದಳು. ಕೊಟ್ಟ ಮನೆ ಕೊರಟಗೆರೆಯಲ್ಲಿ ಸರಿಬಾರದೆ ತೌರಿಗೆ ಬಂದವಳು, ಬೆಂಗಳೂರಿನಲ್ಲಿ ಯಾವುದೋ ಕೋರ್ಸು ಮುಗಿಸಿ, ನೆಂಟರ ಬಾಯಿ ಮುಚ್ಚಿಸಬೇಕೆಂದು ಹಟ ತೊಟ್ಟು ನಿಂತಿದ್ದಳು. ಚಿಕ್ಕವಳಿದ್ದಾಗ ಬೇಸಿಗೆ ರಜೆಯೆಲ್ಲ ದಾಕ್ಷಾಯಣಮ್ಮನ ಮನೆಯಲ್ಲೇ ಕಳೆದ ಹುಡುಗಿ. ದೊಡ್ಡಮ್ಮನ ಮುಖಕ್ಕೆ ತಾನೇ ಮೊದಲು ಕೈ ಹಚ್ಚುತ್ತೇನೆ, ಒಂದು ಪೈಸೆಯೂ ಬೇಡ ಎಂದು ಮನೆಗೇ ಬಂದು ಕರೆದಳು. ಆಪರೇಷನ್ ಅಲ್ಲ, ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಹೋಗಿ ಬಂದು ಅಡುಗೆ ಮಾಡಬಹುದು ಎಂದಳು. ಬೇಡ ಬೇಡವೆನ್ನುತ್ತಲೇ ದಾಕ್ಷಾಯಣಮ್ಮ ಹೊರಟರು. ಗಂಡನಿಗೆ ಸರೋಜಮ್ಮನ ಮನೆಗೆ ಹೋಗಿಬರುತ್ತೇನೆ ಅಂದರು.

ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಬಾಗಿಲು ತೆರೆದ ಕೂಡಲೆ ಮೂಗಿಗೆ ಬಡಿದದ್ದು ಸುಟ್ಟ ಕೂದಲಿನ ವಾಸನೆ. ಒಳಗಿನ ಮಂಚದ ಮೇಲೆ ವಯಸ್ಸಾದ ಹೆಂಗಸೊಬ್ಬಳ ಗದ್ದದ ಕೂದಲನ್ನು ಲೇಸರಿನಿಂದ ಸುಡುತ್ತಿದ್ದರು. ಹಬ್ಬದ ಮಾರನೆ ದಿನ ಕುರಿಯ ತಲೆ ಸುಡುವ ಬೀದಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಡೆದದ್ದು ನೆನಪಾಗಿ ದಾಕ್ಷಾಯಣಮ್ಮ ಇಲ್ಲೂ ಸೆರಗನ್ನು ಮೂಗಿಗೆ ತಂದರು. ಪಕ್ಕದ ಪರದೆ ಅರ್ಧ ಸರಿದಿತ್ತು. ಅಲ್ಲಿ ಊರಿನ ಸೈಟು ವ್ಯಾಪಾರದ ಗಂಡಸೊಬ್ಬ, ಅರವತ್ತು ದಾಟಿದವನು, ಕಣ್ಣು ಮುಚ್ಚಿ ಒರಗಿಕೊಂಡಿದ್ದ. ಅವನದೇ ತೋಳಿನ ರಕ್ತ ತೆಗೆದು, ಮಿಷನ್ನಿನಲ್ಲಿ ತಿರುಗಿಸಿ, ಮೇಲೆ ತೇಲಿದ ತಿಳಿಯನ್ನು ಮುಖಕ್ಕೆ ಸವರಿ ಸೂಜಿಯಿಂದ ಚುಚ್ಚುತ್ತಿದ್ದರು. ಮುಖದ ತುಂಬ ಕೆಂಪು ಚುಕ್ಕೆ. ಒಂದು ಹನಿ ಕಿವಿಯ ಹಿಂದಿನಿಂದ ಇಳಿದು ಬಿಳೀ ಟವೆಲಿಗೆ ಹರಡುತ್ತಿತ್ತು. ತಮ್ಮ ರಕ್ತ ತಮಗೇ ಗೊಬ್ಬರ ದೊಡ್ಡಮ್ಮ ಎಂದು ಲೋಹಿತಾ ಹೆಮ್ಮೆಯಿಂದ ವಿವರಿಸಿದಳು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಆ ಅಳುವ ಮುಖದ ಚಿತ್ರ ಕಣ್ಣಿನಿಂದ ಹೋಗಿರಲಿಲ್ಲ.

ಲೋಹಿತಾ ಅವರ ಕೆನ್ನೆಗೆ ಒಂದು ಪುಟ್ಟ ಕ್ಯಾಮೆರಾ ಒತ್ತಿ ಹಿಡಿದು, ಗೋಡೆಯ ಪರದೆಯ ಮೇಲೆ ಚರ್ಮವನ್ನು ತೋರಿಸಿದಳು. ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳ ನೋಡಿದಂತಿತ್ತು, ಬಿರುಕು, ಹಳ್ಳ, ಜಿಡ್ಡು ತುಂಬಿದ ಗುಂಡಿ. ಮಿಷನ್ನು ಅವರ ಚರ್ಮದ ವಯಸ್ಸನ್ನು ಅವರ ವಯಸ್ಸಿಗಿಂತ ಬಹಳ ಮೇಲೆ ತೋರಿಸಿತು. ಲೋಹಿತಾ ಬೆರಳಿನಿಂದ ಅವರ ಕೆನ್ನೆಯನ್ನು ಮೇಲಕ್ಕೆ ಎಳೆದು ಬಿಟ್ಟು, ಇಲ್ಲಿಗೆ ಫಿಲ್ಲರ್ ತುಂಬಿದರೆ ಎತ್ತಿಕೊಳ್ಳುತ್ತದೆ, ಹಣೆಗೆ ಬೊಟಾಕ್ಸ್ ಹಾಕಿದರೆ ಗೆರೆ ಮಲಗುತ್ತದೆ, ಅದನ್ನೆಲ್ಲ ಭಾನುವಾರ ತುಮಕೂರಿನಿಂದ ಡಾಕ್ಟರು ಬಂದಾಗ ನೋಡೋಣ, ಇವತ್ತು ಬಂಗಿಗೆ ಚರ್ಮದ ಮೇಲ್ಪದರ ತೆಗೆಯುವ ಪೀಲಿಂಗ್ ಸಾಕು ಎಂದಳು. ಕುರಿ ಕೊಳ್ಳುವವರು ತೊಡೆ ಒತ್ತಿ ನೋಡುವ ಹಾಗೆ ತನ್ನ ಕೆನ್ನೆ ಒತ್ತುತ್ತಿದ್ದಾಳೆ ಅನ್ನಿಸಿತು ದಾಕ್ಷಾಯಣಮ್ಮನಿಗೆ. ಆ ಬೆರಳುಗಳಿಗೆ ಜಡೆ ಹಾಕಲು ಕಲಿಸಿದವರು ಅವರೇ.

ಕೆಲಸಕ್ಕೆ ಮೊದಲು ಫೋಟೋ ತೆಗೆಯಬೇಕೆಂದು ಹಣೆಯ ವಿಭೂತಿ, ಕುಂಕುಮ ಎರಡನ್ನೂ ಒದ್ದೆ ಹತ್ತಿಯಿಂದ ಒರೆಸಿದಳು. ಕೂದಲನ್ನು ಬಟ್ಟೆಯ ಪಟ್ಟಿಯಿಂದ ಹಿಂದಕ್ಕೆ ಎಳೆದು ಕಟ್ಟಿದಳು. ನಗಬಾರದು ಅಂದಳು. ಕೆಳಗಿನಿಂದ ದೀಪ ಹಾಕಿ ತೆಗೆದಳು. ಅದು ರೆಕಾರ್ಡಿಗೆ ಮಾತ್ರ ಎಂದು ಹೇಳಿದ ನೆನಪು ದಾಕ್ಷಾಯಣಮ್ಮನಿಗೆ ಚೆನ್ನಾಗಿದೆ.

ಆಮೇಲೆ ಬ್ರಶ್ಶಿನಿಂದ ಏನನ್ನೋ ಹಚ್ಚಿದಳು. ಮೊದಲು ತಣ್ಣಗೆ, ನಂತರ ಚುರುಚುರು, ಆಮೇಲೆ ಮೆಣಸಿನಪುಡಿ ಎರಚಿದ ಹಾಗೆ ಉರಿ. ಉರಿಯುತ್ತಿದೆ ಅಂದರೆ ಕೆಲಸ ಮಾಡುತ್ತಿದೆ ಅಂತ ಅರ್ಥ ಎಂದು ಹೇಳಿ ಪುಟ್ಟ ಫ್ಯಾನೊಂದನ್ನು ಕೈಗೆ ಕೊಟ್ಟು, ಫೋನು ಬಂತೆಂದು ಹೊರಗೆ ಹೋದಳು. ಹೊರಗೆ ಯಾರಿಗೋ ಪ್ಯಾಕೇಜು ವಿವರಿಸುವ ಅವಳ ದನಿ ಕೇಳುತ್ತಲೇ ಇತ್ತು. ದಾಕ್ಷಾಯಣಮ್ಮ ಹಲ್ಲು ಕಚ್ಚಿ ಮಲಗಿದ್ದರು. ಬಿಸಿಲಿನಲ್ಲಿ ನಿಂತು ನಿಂತು, ಸಹಿಸಿಕೊಳ್ಳುವುದು ಅವರಿಗೆ ಚಟದಂತೆ ಅಂಟಿತ್ತು. ಅವಳು ಬಂದು ತೊಳೆಯುವ ಹೊತ್ತಿಗೆ ಎಡಗೆನ್ನೆಯ ಮೇಲೆ ಬೂದುಬಿಳುಪಿನ ಪೊರೆಯೊಂದು ಎದ್ದಿತ್ತು. ಲೋಹಿತಾಳ ಮುಖ ಒಂದು ಕ್ಷಣ ಬಿಗಿಯಿತು. ನಂತರ ನಕ್ಕಳು.

ಮನೆಗೆ ಬಂದ ಮೇಲೆ ಮುಖ ಊದಿಕೊಂಡಿತು. ಕೆಂಪಗಿದ್ದದ್ದು ಕಂದಾಯಿತು, ಕಂದಾದದ್ದು ಒಣಗಿ ಬಿರಿಯಿತು, ಬಿರಿದದ್ದು ಈರುಳ್ಳಿ ಸಿಪ್ಪೆಯಂತೆ ಏಳತೊಡಗಿತು. ದಿಂಬಿನ ಮೇಲೆ ಚೂರು, ಬಾಚಣಿಗೆಯಲ್ಲಿ ಚೂರು. ಊಟಕ್ಕೆ ಕೂತಾಗ ಬಿಸಿ ಅನ್ನದ ಮೇಲೆ ಒಂದು ಸಿಪ್ಪೆ ಉದುರಿ, ತುಪ್ಪ ತಾಗಿ ಮೆತ್ತಗೆ ಅಂಟಿಕೊಂಡಿತು. ತಮ್ಮದೇ ಚರ್ಮ. ಎದ್ದು ಬಚ್ಚಲಿಗೆ ಓಡಿದರು. ಮಲ್ಲಿಕಾರ್ಜುನಯ್ಯ ಏನೂ ಕೇಳದೆ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಗಾಯದಿಂದ ಒಸರುವ ನೀರಿಗೆ ನೊಣ ಬರುತ್ತಿತ್ತು. ಹಗಲೆಲ್ಲ ಸೊಳ್ಳೆಪರದೆಯ ಒಳಗೆ ಕೂತಿರಬೇಕಾಯಿತು. ಶಿರಾದ ಗುರುವಂದನೆಯ ದಿನ ಹೀಗೆಯೇ ಕಳೆದುಹೋಯಿತು. ಜ್ವರ ಎಂದು ಹೇಳಿ ಕಳಿಸಿದರು.

ಲೋಹಿತಾ ಒಂದು ಸಲ ಬಂದು ನೋಡಿದಳು. ಎಲ್ಲರಿಗೂ ಹೀಗೇ ಆಗುತ್ತದೆ, ಹಳೇ ಚರ್ಮ ಹೋಗಿ ಹೊಸದು ಬರಬೇಕಲ್ಲ ಎಂದು ಹೇಳಿ, ಹೆಸರಿಲ್ಲದ ಒಂದು ಬಿಳೀ ಟ್ಯೂಬು ಇಟ್ಟು ಹೋದಳು. ದಾಕ್ಷಾಯಣಮ್ಮ ಅದನ್ನು ಮುಟ್ಟಲಿಲ್ಲ. ಚರ್ಮ ಮಾಗಿದ ಮೇಲೆ ನೋಡಿದರೆ, ಬಲಗೆನ್ನೆಯ ಬಂಗು ಇದ್ದಲ್ಲೇ ಇತ್ತು, ಎಡಗೆನ್ನೆಯ ಮೇಲೆ ಮಾತ್ರ ಅಂಗೈಯಗಲದ ಹೊಸ ಕಪ್ಪು, ಅದರ ಅಂಚಿಗೆ ಕೆಂಪು.

ಒಂದು ಬೆಳಿಗ್ಗೆ ಕೊರಟಗೆರೆಯಿಂದ ಫೋನು ಬಂತು. ಹಿಂದೆ ಅಲ್ಲಿ ಜೊತೆಯಲ್ಲಿ ಕೆಲಸ ಮಾಡಿದ್ದ ರಾಧಾಮಣಿ. ಮಲ್ಲಿಕಾರ್ಜುನಯ್ಯ ಎತ್ತಿದರು. ಆ ಕಡೆಯಿಂದ ಅಳು, ಮಣ್ಣು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ. ಯಾರ ಮಣ್ಣು ಎಂದು ಇವರು ಕೇಳಿದರು. ವಿಷಯ ಇಷ್ಟೇ: ರಾಧಾಮಣಿ ಬಸ್ಸಿನಲ್ಲಿ ಮಧುಗಿರಿ ದಾಟಿ ಹೋಗುವಾಗ ಕಿಟಕಿಯಿಂದ ದಾಕ್ಷಾಯಣಮ್ಮನ ಮುಖವಿರುವ ದೊಡ್ಡ ಫ್ಲೆಕ್ಸು ಕಂಡಿದ್ದಳು. ನಮ್ಮ ಕಡೆ ವಯಸ್ಸಾದ ಹೆಂಗಸಿನ ಮುಖ ಫ್ಲೆಕ್ಸಿನ ಮೇಲೆ ಬರುವುದು ಒಂದೇ ಕಾರಣಕ್ಕೆ. ಓದುವಷ್ಟು ಹೊತ್ತು ಬಸ್ಸು ನಿಂತಿರಲಿಲ್ಲ. ಶ್ರದ್ಧಾಂಜಲಿ ಎಂದೇ ತಿಳಿದು ದಾರಿಯುದ್ದ ಅತ್ತಿದ್ದಳು.

ಮಲ್ಲಿಕಾರ್ಜುನಯ್ಯ ಅಂಗಿ ಹಾಕಿಕೊಂಡು ಹೋಗಿ ನೋಡಿ ಬಂದರು. ಬಂದವರು ನೇರ ಒಳಗೆ ಹೋಗಿ ಕೂತರು. ಏನಿದೆ ಅಲ್ಲಿ ಎಂದು ಹೆಂಡತಿ ಕೇಳಿದ್ದಕ್ಕೆ, “ನೀನು ಹೋಗಬೇಡ” ಎಂದಷ್ಟೇ ಅಂದರು. ಅಷ್ಟು ಸಾಕಾಯಿತು. ದಾಕ್ಷಾಯಣಮ್ಮ ಸೆರಗನ್ನು ತಲೆಯ ಮೇಲಿಂದ ತಂದು ಕಣ್ಣಷ್ಟೇ ಬಿಟ್ಟು ಮುಖ ಮುಚ್ಚಿಕೊಂಡು ಹೊರಟರು.

ಬಸ್‌ಸ್ಟ್ಯಾಂಡಿನ ಎದುರಿನ ಕಂಬಗಳಿಗೆ ಕಟ್ಟಿದ್ದರು. ಎರಡು ಮುಖ, ಒಂದೊಂದೂ ಬಾಗಿಲಿನಷ್ಟು ಎತ್ತರ. ಎಡಗಡೆಯದರ ಮೇಲೆ ‘ಮೊದಲು’ ಎಂದು ಕಪ್ಪಕ್ಷರದಲ್ಲಿ ಬರೆದಿತ್ತು. ವಿಭೂತಿಯಿಲ್ಲದ ಬೋಳು ಹಣೆ, ಹಿಂದಕ್ಕೆ ಎಳೆದು ಕಟ್ಟಿದ ಕೂದಲು, ಕೆಳಗಿನಿಂದ ಬಿದ್ದ ದೀಪಕ್ಕೆ ಕಣ್ಣೆಲ್ಲ ಗುಳಿ. ಠಾಣೆಯಲ್ಲಿ ಹಾಕುವ ಕಳ್ಳಿಯ ಫೋಟೋದಂತೆ. ಬಲಗಡೆ ‘ನಂತರ’. ಅದೇ ಮೂಗುತಿ, ಅದೇ ಮೂಗು, ಆದರೆ ಸುಣ್ಣ ಬಳಿದ ಬಿಳುಪು. ಒಂದು ಗೆರೆಯಿಲ್ಲ, ಒಂದು ರಂಧ್ರವಿಲ್ಲ, ತುಟಿಗೆ ಗುಲಾಬಿ ಬಣ್ಣ. ನಗಬೇಡ ಎಂದು ಹೇಳಿ ತೆಗೆದ ಬಾಯಿಯನ್ನು ಹೇಗೋ ನಗಿಸಿದ್ದರು. ತೊಳೆದು, ಹತ್ತಿ ತುರುಕಿ, ಸಿಂಗಾರ ಮಾಡಿ ಕುರ್ಚಿಗೆ ಕಟ್ಟಿ ಕೂರಿಸಿದ ಹೆಣದ ಹಾಗಿತ್ತು. ಇವರು ಸತ್ತಿದ್ದಾರೆ ಎಂದು ರಾಧಾಮಣಿ ಅಂದುಕೊಂಡದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಕೆಳಗೆ ‘ವಯಸ್ಸನ್ನು ಅಳಿಸಿಹಾಕಿ’ ಎಂಬ ಸಾಲು. ಕಂಬದ ಬುಡದಲ್ಲಿ ಯಾರೋ ಎಲೆಅಡಿಕೆ ಉಗಿದಿದ್ದರು. ಎಡಗಡೆಯ ಮುಖದ ಗದ್ದಕ್ಕೂ ಅದರ ಹನಿ ಸಿಡಿದಿತ್ತು. ಬಸ್ಸಿಗೆ ಕಾಯುವ ಕಾಲೇಜು ಹುಡುಗರಿಬ್ಬರು ಆ ಎರಡು ಮುಖಗಳನ್ನು ತೋರಿಸಿ ಏನೋ ಹೇಳಿ ಬಿದ್ದು ಬಿದ್ದು ನಕ್ಕರು. ಸೆರಗಿನ ಒಳಗೆ ದಾಕ್ಷಾಯಣಮ್ಮನಿಗೆ ಬೆವರಿಗೆ ಎಡಗೆನ್ನೆ ಉರಿಯಿತು.

ಫ್ಲೆಕ್ಸನ್ನು ಕಿತ್ತೊಗೆಯಬೇಕು ಅನ್ನಿಸಲಿಲ್ಲ. ಅದನ್ನು ಮುಟ್ಟುವುದಕ್ಕೂ ಅಸಹ್ಯವಾಗಿತ್ತು. ನೇರ ಮಹಡಿ ಹತ್ತಿದರು.

ಕಾಯುವ ಕೋಣೆ ತುಂಬಿತ್ತು. ಮೊದಲ ಸಲ ಬಂದಾಗ ಒಳಗಿನ ಇಬ್ಬರನ್ನು ಬಿಟ್ಟರೆ ಇಲ್ಲಿ ನೊಣವೂ ಇರಲಿಲ್ಲ. ಈಗ ಕುರ್ಚಿ ಸಾಲದೆ ಇಬ್ಬರು ನೆಲದ ಮೇಲೆ ಕೂತಿದ್ದರು. ಎಲ್ಲ ಅವರ ವಯಸ್ಸಿನವರೇ, ಹೆಂಗಸರೇ ಹೆಚ್ಚು. ದಾಕ್ಷಾಯಣಮ್ಮ ಒಳಗಿನ ಬಾಗಿಲಿನ ಕಡೆ ಹೊರಟಾಗ ನೆಲದ ಮೇಲೆ ಕೂತಿದ್ದವಳೊಬ್ಬಳು ಎದ್ದು ನಿಂತಳು. ಕಪ್ಪಗೆ ಸುಟ್ಟ ಮುಖ, ಕಿವಿಯಲ್ಲಿ ಭಾರದ ಓಲೆಗೆ ಹರಿದು ಜೋತ ತೂತು. ಮುಖ ಮುಚ್ಚಿದ್ದರೂ ನಡಿಗೆಯಿಂದಲೇ ಗುರುತು ಹಿಡಿದಿದ್ದಳು. ಕಳ್ಳಂಬೆಳ್ಳದ ಕಡೆಯ ಹನುಮಕ್ಕ. ಅವಳ ಮಗಳು ವನಜಾಕ್ಷಿ ಶಿರಾದಲ್ಲಿ ದಾಕ್ಷಾಯಣಮ್ಮನ ಖೋಖೋ ತಂಡದಲ್ಲಿದ್ದಳು. ಆಗೆಲ್ಲ ಹನುಮಕ್ಕ ಸಂತೆಗೆ ಬಂದಾಗ ಹಸಿ ಕಡಲೇಕಾಯಿ ಹಿಡಿದು ಮೈದಾನದ ಅಂಚಿನಲ್ಲಿ ನಿಂತು ಮಗಳ ಓಟ ನೋಡುತ್ತಿದ್ದಳು.

ಹನುಮಕ್ಕ ಅವರ ಕೈ ಹಿಡಿದುಕೊಂಡು ತಾನು ಬಂದ ಕಾರಣ ಹೇಳಿದಳು. ಮೊಮ್ಮಗಳ ಲಗ್ನಪತ್ರಿಕೆ ಶಾಸ್ತ್ರದಲ್ಲಿ ಫೋಟೋದವನು ಎಲ್ಲರನ್ನೂ ನಿಲ್ಲಿಸಿ, ಅಜ್ಜಿ ನೀವು ಸ್ವಲ್ಪ ಹಿಂದಕ್ಕೆ ಹೋಗಿ, ಬೆಳಕು ಹೊಡೀತಿಲ್ಲ ಅಂದನಂತೆ. ಮದುವೆಯಲ್ಲಿ ಹಾಗಾಗಬಾರದು ಎಂದು ಅಲ್ಲೇ ತೀರ್ಮಾನಿಸಿದ್ದಳು. ಅಷ್ಟರಲ್ಲಿ ಮಗಳ ಫೋನಿನಲ್ಲಿ ಮಿಸ್ಸಿನ ಎರಡು ಮುಖದ ಫೋಟೋ ಬಂದಿತ್ತು.

“ನಿಮ್ಮನ್ನ ನೋಡೇ ಬಂದ್ಬುಟ್ಟೆ ಕಣಮ್ಮ,” ಅಂದಳು ಹನುಮಕ್ಕ. “ಮಿಸ್ಸೇ ಮಾಡಿಸ್ಕಂಡವ್ರೆ ಅಂದ್ಮ್ಯಾಲೆ ಮೋಸ ಇರಾಕಿಲ್ಲ ಅಂತ. ಉರಿಯಾಕಿಲ್ಲ ತಾನೇ?”

ಕೋಣೆಯಲ್ಲಿದ್ದ ಉಳಿದವರೂ ತಿರುಗಿ ನೋಡಿದರು. ಫ್ಲೆಕ್ಸಿನ ಹೆಂಗಸು ಇವರೇ ಎಂದು ಪಿಸುಗುಟ್ಟಿದರು. ಒಬ್ಬಾಕೆ ಜಾಗ ಬಿಟ್ಟು ಎದ್ದು ನಿಂತಳು. ಅವರ ಕಣ್ಣಲ್ಲಿದ್ದ ಆಸೆ ನೋಡಿ ದಾಕ್ಷಾಯಣಮ್ಮನಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಆದದ್ದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಅಲ್ಲಿ ತನ್ನ ಮುಖವನ್ನು ಯಾರೋ ಹೊಲಸು ಮಾಡಿದ್ದರು. ಇಲ್ಲಿ ತನ್ನ ಮುಖವೇ ಇವರನ್ನೆಲ್ಲ ಕೈಬೀಸಿ ಕರೆತಂದು ಕೂರಿಸಿತ್ತು.

ಸೆರಗು ತೆಗೆದರು. ಕಿಟಕಿಯ ಬೆಳಕಿಗೆ ಎಡಗೆನ್ನೆಯನ್ನು ತಿರುಗಿಸಿ ನಿಂತರು.

“ನೋಡು ಹನುಮಕ್ಕ. ಅಲ್ಲಿ ಕಟ್ಟಿರೋದು ಸುಳ್ಳು. ಆಗಿದ್ದು ಇದು. ಉರಿಯುತ್ತೆ.”

ಹನುಮಕ್ಕನ ಮುಖ ಸಿಂಡರಿಸಿತು. ಬೇಕೆಂದು ಮಾಡಿದ್ದಲ್ಲ, ಕೊಳೆತದ್ದನ್ನು ಕಂಡಾಗ ತಾನಾಗಿ ಆಗುತ್ತದಲ್ಲ ಹಾಗೆ; ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು. ಅದನ್ನು ನೋಡುತ್ತ ನಿಲ್ಲುವುದು ದಾಕ್ಷಾಯಣಮ್ಮನಿಗೆ ಪೀಲಿಂಗಿನ ಉರಿಗಿಂತ ಕಷ್ಟವಾಯಿತು. ಆದರೂ ಸೆರಗು ಎಳೆದುಕೊಳ್ಳಲಿಲ್ಲ. ಎಲ್ಲರೂ ನೋಡುವಷ್ಟು ಹೊತ್ತು ಹಾಗೆಯೇ ನಿಂತರು.

ಲೋಹಿತಾ ಓಡಿಬಂದು ಅವರ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ಬಾಗಿಲು ಹಾಕಿಕೊಂಡವಳೇ ಅಳತೊಡಗಿದಳು. ಫೋಟೋ ಎಡಿಟ್ ಮಾಡುವುದು ಎಲ್ಲ ಕಡೆಯೂ ಇದೆ, ಮದುವೆ ಆಲ್ಬಮ್ಮಿನಲ್ಲೂ ಮಾಡುತ್ತಾರೆ, ದೊಡ್ಡಮ್ಮನನ್ನು ಚೆನ್ನಾಗಿ ತೋರಿಸಿದ್ದರಲ್ಲಿ ತಪ್ಪೇನು ಎಂದಳು.

“ಬಲಗಡೆದು ಬಿಡು,” ಅಂದರು ದಾಕ್ಷಾಯಣಮ್ಮ. “ಎಡಗಡೆದು ನಾನೇನಾ?”

ಲೋಹಿತಾ ಮೂಗು ಒರೆಸಿಕೊಂಡಳು. “ಅದನ್ನೂ ಸ್ವಲ್ಪ ಕಪ್ಪು ಮಾಡಿದ್ದೆ ದೊಡ್ಡಮ್ಮ. ವ್ಯತ್ಯಾಸ ಕಾಣಬೇಕಲ್ಲ.”

ಹಾಗಾದರೆ ಎರಡರಲ್ಲೂ ತಾನಿರಲಿಲ್ಲ. ಊರಿನವರೆಲ್ಲ ನೋಡಿ ಅಯ್ಯೋ ಅಂದ ಮುಖವೂ ತನ್ನದಲ್ಲ, ಆಸೆಪಟ್ಟ ಮುಖವೂ ತನ್ನದಲ್ಲ. ಭಾನುವಾರದ ಡಾಕ್ಟರು ಯಾರು ಎಂದು ಕೇಳಿದರು. ಒಂದೇ ಸಲ ಬಂದು ಬೋರ್ಡಿಗೆ ಹೆಸರು ಹಾಕಿಕೊಳ್ಳಲು ಒಪ್ಪಿ ಹೋದವರು, ಮತ್ತೆ ಬಂದಿಲ್ಲ ಎಂದು ತಿಳಿಯಿತು. ಅವತ್ತು ಅದನ್ನು ಮುಖದ ಮೇಲೆ ಎಷ್ಟು ಹೊತ್ತು ಬಿಟ್ಟಿದ್ದೆ ಎಂದು ಕೇಳಿದ್ದಕ್ಕೆ ಲೋಹಿತಾ ಮತ್ತೆ ಅವರ ತೋಳು ಹಿಡಿದಳು. ದಾಕ್ಷಾಯಣಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ತಮ್ಮ ತೋಳಿನ ಮೇಲಿದ್ದ ಅವಳ ಕೈಯನ್ನು ಎರಡು ಬೆರಳಿನಿಂದ, ಬಟ್ಟೆಯ ಮೇಲೆ ಬಿದ್ದ ಹುಳು ತೆಗೆದಂತೆ ತೆಗೆದು, ಎದ್ದು ಬಂದರು. ಹೊರಗಿನ ಕೋಣೆ ಅರ್ಧ ಖಾಲಿಯಾಗಿತ್ತು. ಪೂರ್ತಿ ಖಾಲಿಯಾಗಿರಲಿಲ್ಲ. ಉಳಿದಿದ್ದವರು ಅವರ ಕಣ್ಣು ತಪ್ಪಿಸಿ ಗೋಡೆ ನೋಡುತ್ತ ಕೂತಿದ್ದರು. ನನಗೆ ಹಾಗಾಗಲಿಕ್ಕಿಲ್ಲ ಎಂಬ ಲೆಕ್ಕ ಅವರದು.

ಫ್ಲೆಕ್ಸು ಇಳಿಯಿತು. ಸರೋಜಮ್ಮ ಅಕ್ಕನ ಮನೆಗೆ ಬಂದು, ಗಂಡ ಬಿಟ್ಟ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದೆ ಎಂದು ಕೂಗಾಡಿ ಮಾತು ಬಿಟ್ಟಳು. ಆದರೆ ಒಂದು ಸಲ ಹಂಚಿಹೋದ ಫೋಟೋ ಇಳಿಯುವುದಿಲ್ಲ ಎಂಬುದು ದಾಕ್ಷಾಯಣಮ್ಮನಿಗೆ ಗೊತ್ತಾದದ್ದು ವನಜಾಕ್ಷಿ ಮನೆಗೆ ಬಂದಾಗ. ಗುರುವಂದನೆಗೆ ಬರಲಾಗದ ಮಿಸ್ಸಿಗೆ ಶಾಲು, ಹಣ್ಣು, ಆಮೇಲೆ ಮಾಡಿಸಿದ ಒಂದು ನೆನಪಿನ ಕಾಣಿಕೆ ತಂದಿದ್ದಳು. ಗಾಜಿನ ಹಲಗೆ, ಅದರಲ್ಲಿ ಕೊರೆದಿದ್ದದ್ದು ಅದೇ ಹೆಣದ ಬಿಳುಪಿನ ನಗುವ ಮುಖ. ಗುಂಪಿನಲ್ಲಿ ಬಂದಿತ್ತು, ಚೆನ್ನಾಗಿದೆ ಎಂದು ಎಲ್ಲರೂ ಅದನ್ನೇ ಆರಿಸಿದರು ಎಂದು ವನಜಾಕ್ಷಿ ತಲೆ ತಗ್ಗಿಸಿ ಹೇಳಿದಳು. ಅವ್ವ ಏನೂ ಮಾಡಿಸಿಕೊಳ್ಳದೆ ವಾಪಸು ಬಂದಳೆಂದೂ, ಮದುವೆಯಲ್ಲಿ ಫೋಟೋದವನು ಹಿಂದಕ್ಕೆ ಕಳಿಸುವ ಮೊದಲೇ ತಾನಾಗಿ ಹಿಂದೆ ಹೋಗಿ ನಿಂತಳೆಂದೂ ಹೇಳಿದಳು. ಅದನ್ನು ಕೇಳಿ ದಾಕ್ಷಾಯಣಮ್ಮನಿಗೆ ಸಮಾಧಾನವೇನೂ ಆಗಲಿಲ್ಲ. ಶಾಲು ಇಟ್ಟುಕೊಂಡರು. ಗಾಜಿನ ಹಲಗೆಯನ್ನು ಮಲ್ಲಿಕಾರ್ಜುನಯ್ಯ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

ಕೆನ್ನೆಯ ಕಪ್ಪು ಹೋಗದಿದ್ದಾಗ ತುಮಕೂರಿನ ಬೇರೊಬ್ಬ ಚರ್ಮದ ಡಾಕ್ಟರ ಬಳಿ ಹೋದರು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ನಮ್ಮಂಥ ಕಂದು ಚರ್ಮಕ್ಕೆ ಜೋರಾದ ಆಸಿಡ್ಡು ಬಿದ್ದರೆ ಬೆಳ್ಳಗಾಗುವ ಬದಲು ಇನ್ನಷ್ಟು ಕಪ್ಪಾಗುತ್ತದೆ, ಮಾಡುವುದಿದ್ದರೂ ಕಿವಿಯ ಹಿಂದೆ ಒಂದಿಷ್ಟು ಹಚ್ಚಿ ನೋಡಿ, ಮೆತ್ತಗಿನದರಿಂದ ಶುರು ಮಾಡಬೇಕಿತ್ತು ಎಂದರು. ಈಗ ಮೊದಲ ಔಷಧ ಬಿಸಿಲು ತಪ್ಪಿಸುವುದು. ದಿನಾ ಸನ್‌ಸ್ಕ್ರೀನು, ಹೊರಗೆ ಹೋದರೆ ಕೊಡೆ, ಒಂದು ಕ್ರೀಮು, ತಿಂಗಳುಗಟ್ಟಲೆ ತಾಳ್ಮೆ. ಗೆರೆ, ಜೋಲುವಿಕೆಗಳಿಗೆ ಲೇಸರೂ ಇದೆ, ಸೂಜಿಯೂ ಇದೆ, ಸ್ವಲ್ಪ ಸುಧಾರಿಸುತ್ತದೆ, ಆದರೆ ಹಳೇ ಮುಖ ವಾಪಸು ಬರುವುದಿಲ್ಲ ಎಂದು ಕೇಳದಿದ್ದರೂ ಹೇಳಿದರು. ಸ್ವಲ್ಪ ಎಂದರೆ ಎಷ್ಟು ಎಂದು ದಾಕ್ಷಾಯಣಮ್ಮನ ಬಾಯಿಂದ ಬಂದೇಬಿಟ್ಟಿತು. ಇಷ್ಟಾದರೂ ಆಸೆ ಸತ್ತಿಲ್ಲವಲ್ಲ ಎಂದು ತಮ್ಮ ಮೇಲೇ ಅಸಹ್ಯಪಟ್ಟುಕೊಂಡರು. ಜೊತೆಗೆ ಇಲಾಖೆಯ ಮೇಲೂ ಸಿಟ್ಟು ಬಂತು: ಅಷ್ಟು ವರ್ಷ ಬಿಸಿಲಿಗೆ ನಿಲ್ಲಿಸಿದವರು ಸೀಟಿ ಕೊಟ್ಟರು, ಚೆಂಡು ಕೊಟ್ಟರು, ಒಂದು ಟೋಪಿ ಕೊಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಕಪ್ಪು ತಿಳಿಯಾಗಿ, ಹುಣಸೇಬೀಜದಷ್ಟು ಮಾತ್ರ ಉಳಿಯಿತು. ಒಮ್ಮೆ ಕೊರಟಗೆರೆ ರಸ್ತೆಯಲ್ಲಿ ಹೋಗುವಾಗ ಪಂಕ್ಚರ್ ಅಂಗಡಿಯೊಂದರ ಮಾಡಿಗೆ ಆ ಫ್ಲೆಕ್ಸನ್ನೇ ತಲೆಕೆಳಗಾಗಿ ಹೊದಿಸಿದ್ದು ಕಂಡಿತು. ಗುಲಾಬಿ ತುಟಿಯ ಮೇಲೆ ಹಳೇ ಟೈರು ಪೇರಿಸಿದ್ದರು. ಅವರು ಇನ್ನೊಂದು ಕಡೆ ನೋಡಿದರು.

ಅದೇ ಸುಮಾರಿಗೆ ಮಾತು ಬಿಟ್ಟಿದ್ದ ಸರೋಜಮ್ಮ ತಾನಾಗಿ ಬಂದಳು. ನವಕಾಂತಿ ಮುಚ್ಚಿ ತಿಂಗಳಾಗಿತ್ತು. ಲೋಹಿತಾ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಒಮ್ಮೆ ಬಂದು ನೋಡಕ್ಕ ಎಂದಳು. ದಾಕ್ಷಾಯಣಮ್ಮ ಹೋದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಲೋಹಿತಾ ಮೇಕಪ್ಪಿಲ್ಲದೆ ಕೂತಿದ್ದಳು. ಅವಳ ಬರಿ ಮುಖವನ್ನು ಅವರು ನೋಡಿ ಎಷ್ಟೋ ವರ್ಷವಾಗಿತ್ತು. ಚರ್ಮ ಬೆಂದ ಟೊಮೇಟೊ ಸಿಪ್ಪೆಯಂತೆ ತೆಳುವಾಗಿ, ಒಳಗಿನ ಕೆಂಪು ನರಗಳೆಲ್ಲ ಕಾಣುತ್ತಿದ್ದವು. ಕೆನ್ನೆಯ ಮೇಲೆ ಗಂಡಸರ ಹಾಗೆ ಕೂದಲು, ಗದ್ದದ ತುಂಬ ಕೀವುಗುಳ್ಳೆ. ತಾನು ದೊಡ್ಡಮ್ಮನಿಗೆ ಕೊಟ್ಟಿದ್ದ ಆ ಹೆಸರಿಲ್ಲದ ಬಿಳೀ ಟ್ಯೂಬನ್ನು ಅವಳೇ ವರ್ಷಗಳಿಂದ ದಿನಾ ಹಚ್ಚಿಕೊಳ್ಳುತ್ತಿದ್ದಳು. ಸೆಂಟರಿನವಳ ಮುಖವೇ ಹೊಳೆಯದಿದ್ದರೆ ಯಾರು ಬರುತ್ತಾರೆ ಎಂಬುದು ಅವಳ ವಾದ. ಈಗ ಹಚ್ಚಿದರೂ ಉರಿ, ಬಿಟ್ಟರೂ ಉರಿ.

ದಾಕ್ಷಾಯಣಮ್ಮನಿಗೆ ಮೊದಲು ಬಂದದ್ದು ಮರುಕವಲ್ಲ, ವಾಕರಿಕೆ. ಅದನ್ನು ನುಂಗಿಕೊಂಡು, ನಾಳೆ ಬೆಳಿಗ್ಗೆ ಬಸ್ಸಿಗೆ ರೆಡಿಯಾಗು ಎಂದು ಹೇಳಿ ಬಂದರು.

ತುಮಕೂರಿನ ಅದೇ ಡಾಕ್ಟರು ಅವಳ ಮುಖವನ್ನೂ ಟ್ಯೂಬನ್ನೂ ನೋಡಿ, ಇದರಲ್ಲಿ ಸ್ಟೀರಾಯ್ಡು ಬೆರೆಸಿರಬೇಕು, ತಟ್ಟನೆ ಬಿಟ್ಟರೂ ಕಷ್ಟ, ನಿಧಾನವಾಗಿ ಬಿಡಿಸಬೇಕು, ಚರ್ಮ ಸುಧಾರಿಸಲು ವರ್ಷವಾದರೂ ಬೇಕು ಎಂದರು. ಇನ್ನು ಎಷ್ಟು ಜನಕ್ಕೆ ಕೊಟ್ಟಿದ್ದೀಯ ಎಂದು ಕೇಳಿದರು. ಅವರನ್ನೆಲ್ಲ ಇಲ್ಲಿಗೆ ಕಳಿಸು ಎಂದು ಹೇಳಿ ಡಾಕ್ಟರು ಔಷಧ ಬರೆದರು. ಎಲ್ಲ ಮುಗಿದು ಎದ್ದು ನಿಂತ ಮೇಲೆ ಲೋಹಿತಾ ಮೂಲೆಯಲ್ಲಿದ್ದ ಲೇಸರಿನ ಕಡೆ ಕೈ ತೋರಿಸಿದಳು.

“ಮೇಡಂ, ಈ ಮಿಷನ್ ಯಾವ ಕಂಪನೀದು? ಸೆಕೆಂಡ್ ಹ್ಯಾಂಡ್ ಸಿಗುತ್ತಾ?”

ಡಾಕ್ಟರು ದಾಕ್ಷಾಯಣಮ್ಮನ ಮುಖ ನೋಡಿದರು. ದಾಕ್ಷಾಯಣಮ್ಮ ಔಷಧದ ಚೀಟಿಯನ್ನು ಕೈಗೆ ತೆಗೆದುಕೊಂಡು ಹೊರಗೆ ನಡೆದುಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ತುಮಕೂರು ದಾಟಿದ ಸ್ವಲ್ಪ ಹೊತ್ತಿಗೆ ಲೋಹಿತಾ ನಿದ್ದೆ ಹೋಗಿ, ಅವಳ ತಲೆ ದಾಕ್ಷಾಯಣಮ್ಮನ ಹೆಗಲಿಗೆ ಬಂದು ಬಿತ್ತು. ಹೊಸ ಮುಲಾಮು, ಕೀವು, ಬೆವರು ಸೇರಿದ ವಾಸನೆ ಅವರ ಮೂಗಿಗೆ ಅಡರಿತು. ಕಿಟಕಿಯ ಗಾಜು ಸರಿಸಿ ಮುಖವನ್ನು ಹೊರಗಿನ ಗಾಳಿಗೆ ಒಡ್ಡಿ ಕೂತರು; ಹೆಗಲನ್ನು ಮಾತ್ರ ಸರಿಸಲಿಲ್ಲ.